ಅಳಿಸಿದ ಇದ್ದಿಲ ಗೆರೆ

ಕೆಂಚಮ್ಮನ ಕೈಗುಣ ಕೆಟ್ಟಿರಲಿಲ್ಲ. ಕೆಟ್ಟಿದೆ ಎಂದು ಹೇಳಿದವನು ನಾನು—ಸುಳ್ಳೆಂದು ಗೊತ್ತಿದ್ದೇ ಹೇಳಿದೆ. ಆ ಮೊಟ್ಟೆಗಳನ್ನು ಕೊಂದದ್ದು ನನ್ನ ಕೈ. ಸರಿಯಾಗಿ ಹೇಳುವುದಾದರೆ, ಅವನ್ನು ಮುಟ್ಟಲು ಒಲ್ಲದ ನನ್ನ ಕೈ.

ಐವತ್ತರ ದಶಕದ ಕೊನೆಯ ಮಾತು. ದಾವಣಗೆರೆಯಲ್ಲಿ ನಮ್ಮದು ಹತ್ತಿ ವ್ಯಾಪಾರದ ಮನೆ. ಬೆಳಿಗ್ಗೆ ಸ್ನಾನ, ವಿಭೂತಿ, ಲಿಂಗಪೂಜೆ. ಉಣ್ಣುವಾಗ ಯಾರಾದರೂ ಮೊಟ್ಟೆಯ ಹೆಸರೆತ್ತಿದರೆ ಅವ್ವ ತಟ್ಟೆ ಬಿಟ್ಟು ಏಳುತ್ತಿದ್ದಳು. ನಾನು ಕಾಲೇಜು ಮುಗಿಸಿದವನು. ಇದನ್ನೆಲ್ಲ ದಾಟಿದ್ದೇನೆ ಎಂದುಕೊಂಡಿದ್ದೆ. ಕೈಗುಣ, ಕಾಲ್ಗುಣ ಎನ್ನುವವರು ಸಿಕ್ಕರೆ ನಿಲ್ಲಿಸಿಕೊಂಡು ಭಾಷಣ ಮಾಡುತ್ತಿದ್ದೆ. ಕೋಳಿ ಸಾಕುವುದು ಹೊಸ ಕಾಲದ ಉದ್ಯೋಗವೆಂದು ನಂಬಿ, ಮನೆಗೆ ತಿಳಿಯದ ಹಾಗೆ ಹರಿಹರದಲ್ಲಿ ಹೊಳೆಯ ಕಡೆಗೊಂದು ಕೋಣೆ ಹಿಡಿದೆ.

ಮೊಟ್ಟೆಗೆ ಕಾವು ಕೊಟ್ಟು ಮರಿ ಮಾಡಿಸುವ ಯಂತ್ರದ ಆಯ್ಕೆಯಲ್ಲಿ ತಪ್ಪಲಿಲ್ಲ—ಇದನ್ನು ಹೇಳಲೇಬೇಕು, ತಪ್ಪನ್ನು ಅದರ ಮೇಲೂ ಹೊರಿಸುವ ಆಸೆ ನನಗೆ ಈಗಲೂ ಇದೆ. ಕರೆಂಟಿನ ಪೆಟ್ಟಿಗೆ ನೋಡಲು ಚೆಂದ. ಆದರೆ ಅಲ್ಲಿ ಕರೆಂಟು ಹೇಳದೆ ಹೋಗುತ್ತಿತ್ತು. ಹೋದರೆ ಮೊಟ್ಟೆ ತಣ್ಣಗಾಗುತ್ತವೆ. ಅದಕ್ಕೇ ಸೀಮೆಎಣ್ಣೆ ದೀಪದ ಪೆಟ್ಟಿಗೆ ತಂದೆ. ತಂತಿಯ ತಟ್ಟೆ, ಕೆಳಗೆ ನೀರಿನ ಬೋಗುಣಿ, ಗಾಜಿನ ಹಿಂದೆ ಉಷ್ಣಮಾಪಕ. ಖಾಲಿ ಪೆಟ್ಟಿಗೆಯನ್ನೇ ಕೆಲವು ದಿನ ಕಾಯಿಸಿ, ಬತ್ತಿ ಏರಿಸಿ ಇಳಿಸಿ, ಶಾಖ ಒಂದೇ ಸಮ ನಿಂತ ಮೇಲೆಯೇ ಮೊಟ್ಟೆ ತರಿಸಿದೆ.

ತಂದವಳು ಆನಗೋಡಿನ ಕೆಂಚಮ್ಮ. ಅವಳ ಕೇರಿಯಲ್ಲಿ ಯಾರ ಮನೆಯ ಕೋಳಿ ಕಾವಿಗೆ ಕೂತರೂ ಅದರಡಿ ಮೊಟ್ಟೆ ಇಡಲು ಅವಳನ್ನೇ ಕರೆಯುತ್ತಿದ್ದರು. ಮೆಣಸಿನ ಮೊದಲ ಸಸಿ, ಬಾಣಂತಿಗೆ ಮೊದಲ ನೀರು—ಅದೂ ಅವಳ ಕೈಯಿಂದಲೇ. ಗಂಡ ತೀರಿದವಳನ್ನು ಶುಭಕ್ಕೆ ಕರೆಯದ ಊರು ಅವಳೊಬ್ಬಳನ್ನು ಮಾತ್ರ ಕರೆಯುತ್ತಿತ್ತು. ಅವಳಿಗಿದ್ದದ್ದು ಆ ಹೆಸರೊಂದೇ. ಆ ಹೆಸರಿನ ಮೇಲೆಯೇ ನೆರೆಹೊರೆಯವರು, ಮರಿಯಾದ ಮೇಲೆ ಪಾಲು ಕೊಡುವ ಮಾತಿಗೆ, ನನ್ನ ಪೆಟ್ಟಿಗೆಗೆ ಮೊಟ್ಟೆ ಕೊಟ್ಟಿದ್ದರು.

ಪೆಟ್ಟಿಗೆಯ ಸುತ್ತ ಒಂದು ಸುತ್ತು ಹಾಕಿ ಕೇಳಿದಳು: “ಏನ್ರೀ ಸಣ್ಣ ಸೌಕಾರ್ರೆ, ಇದು ಹ್ಯಾಟೇನೋ ಹುಂಜನೋ?”

“ಎರಡೂ ಅಲ್ಲ ಕೆಂಚಮ್ಮ. ವಿಜ್ಞಾನ.”

“ಆತು ಬಿಡ್ರಿ. ನಮ್ಮ ಹ್ಯಾಟೆ ಕೋಳಿ ಕೊಕ್ಕಿಲೆ ತಿರುವಿ ತಿರುವಿ ಇಟ್ಕಂತೈತೆ. ನಿಮ್ಮ ವಿಜ್ಞಾನಕ್ಕ ಕೊಕ್ಕೆಲ್ಲೈತೆ?”

“ತಿರುಗಿಸಾಕೆ ನಾನಿದ್ದೀನಲ್ಲ.”

“ಹಂಗಾರ ನೀವೇ ಕೊಕ್ಕು ಅನ್ರಿ!” ಎಂದು ನಕ್ಕಳು.

ಒಂದೊಂದು ಮೊಟ್ಟೆಗೂ ಇದ್ದಿಲಿನಿಂದ ಗೆರೆ ಎಳೆಯಲು ನಾನೇ ಹೇಳಿದೆ. ಯಾವುದನ್ನು ತಿರುಗಿಸಿದೆ, ಯಾವುದನ್ನು ಬಿಟ್ಟೆ ಎಂದು ತಿಳಿಯಲಿ ಎಂದು. ಗೆರೆ ಮೇಲಾಗಿ ಜೋಡಿಸಿ, ಅವಳು ಊರಿಗೆ ಹೋದಳು.

ಮರುದಿನ ದಾವಣಗೆರೆಯಿಂದ ಬಂದು ಪೆಟ್ಟಿಗೆ ತೆರೆದೆ. ಬೆಚ್ಚಗಿನ ಒಂದು ವಾಸನೆ. ಹಣೆಯಲ್ಲಿ ವಿಭೂತಿ, ಎದೆಯ ಮೇಲೆ ಲಿಂಗ—ನಂಬುತ್ತಿದ್ದೆನೆಂದಲ್ಲ, ಆದರೂ ಕೈ... ಕೈ ಮುಂದೆ ಹೋಗಲಿಲ್ಲ. ತಟ್ಟೆಯನ್ನು ತುಸು ಅಲುಗಿಸಿ ಬಾಗಿಲು ಮುಚ್ಚಿದೆ. ನಾಳೆ ಮುಟ್ಟುತ್ತೇನೆ ಎಂದುಕೊಂಡೆ. ಮರುದಿನವೂ, ಆಮೇಲೆ ದಿನವೂ ಹಾಗೆಯೇ ಎಂದುಕೊಂಡೆ. ತಿರುಗಿಸದಿದ್ದರೆ ಮರಿ ಚಿಪ್ಪಿನೊಳಗೆ ಅಂಟಿಕೊಂಡು ಸಾಯುತ್ತದೆಂದು ಓದಿದ್ದೆ. ಮುಟ್ಟಲು ಹೇಸಿಗೆ ಎಂದು ಬೇರೆಯವರಿಗೆ ಹೇಳಿದ್ದರೆ ಸಾಕಿತ್ತು, ಯಾರಾದರೂ ಬಂದು ತಿರುಗಿಸುತ್ತಿದ್ದರು. ಹೇಗೆ ಹೇಳಲಿ—ಅಷ್ಟು ಭಾಷಣ ಮಾಡಿದವನು?

ಮರಿ ಹೊರಬರಬೇಕಾದ ದಿನ ಕೆಲವು ಚಿಪ್ಪುಗಳಲ್ಲಿ ಸಣ್ಣ ಬಿರುಕು ಕಂಡಿತು. ಒಳಗಿನಿಂದ ಚಿಂವ್ ಚಿಂವ್. ಸ್ವಲ್ಪ ಹೊತ್ತಿಗೆ ಅದೂ ನಿಂತಿತು. ಪಾಲು ಒಯ್ಯಲು ಕೆಂಚಮ್ಮ ಬರುವ ಹೊತ್ತು. ಆಗ ಗೆರೆಗಳನ್ನು ನೋಡಿದೆ. ದಿನವೂ ಕೈಯಾಡಿದ್ದರೆ ಇದ್ದಿಲು ಮಾಸಬೇಕಿತ್ತು. ಒಂದೂ ಮಾಸಿರಲಿಲ್ಲ. ಎಲ್ಲವೂ ಅವಳು ಇಟ್ಟ ಹಾಗೆಯೇ, ಮೇಲ್ಮುಖವಾಗಿ, ನನ್ನನ್ನೇ ನೋಡುತ್ತಿದ್ದವು.

ಅರಿವೆ ಒದ್ದೆ ಮಾಡಿದೆ. ಒಂದೊಂದನ್ನೇ ಎತ್ತಿ, ಒರೆಸಿ, ತಿರುಗಿಸಿ ಇಟ್ಟೆ. ಎಲ್ಲವನ್ನೂ ಮುಟ್ಟಿದೆ. ಹೇಸಿಗೆಯಾಗಲಿಲ್ಲ. ವಿಭೂತಿಯೂ ಲಿಂಗವೂ ಆಗಲೂ ಇದ್ದವು—ಕೈ ಒಂದು ಸಲವೂ ಹಿಂಜರಿಯಲಿಲ್ಲ. ಬಾಗಿಲ ಹೊರಗೆ ಅವಳ ಹೆಜ್ಜೆ ಕೇಳಿದಾಗ ಕೊನೆಯದು ಕೈಯಲ್ಲೇ ಇತ್ತು.

ಅವಳೇ ಕೂತು ಒಂದೊಂದಾಗಿ ಒಡೆದಳು. ತುಪ್ಪಳ ಬಂದ ಮರಿಗಳು, ಪೊರೆಗೆ ಅಂಟಿದ್ದವು.

ಇಲ್ಲಿಂದ ನನ್ನ ನೆನಪನ್ನು ನಂಬಬೇಡಿ. ಬಹಳ ವರ್ಷ ಅದು ‘ಕೈಗುಣ’ ಎಂಬ ಮಾತನ್ನು ಅವಳ ಬಾಯಿಯಲ್ಲಿಟ್ಟಿತ್ತು. ಅವಳೇ ಅಂದಳು, ನಾನು ಬರೀ ಸುಮ್ಮನಿದ್ದೆ ಎಂದು. ಅನುಕೂಲವಾದ ನೆನಪು. ಅವಳು ಕೇಳಿದ್ದು ಇಷ್ಟೇ: “ಮಂದಿಗೆ ಏನಂತ ಹೇಳ್ಳಿ, ಸೌಕಾರ್ರೆ?”

ನಾನು ಹೇಳಿದೆ: “ಯಂತ್ರ ಸರಿಯೈತೆ. ನಿನ್ನ ಕೈಗುಣ ಕೆಟ್ಟೈತೆ, ಕೆಂಚಮ್ಮ.”

ಅವಳು ತನ್ನ ಅಂಗೈಗಳನ್ನು ನೋಡಿಕೊಂಡಳೆಂದು ಬರೆದರೆ ಚೆಂದ. ನೋಡಿಕೊಳ್ಳಲಿಲ್ಲ. ಚಿಪ್ಪುಗಳನ್ನು ಬುಟ್ಟಿಗೆ ತುಂಬಿಕೊಂಡು, “ಓದಿದೋರು ನೀವು ಹೇಳ್ತೀರಂದ್ರ ಇರಬೇಕು,” ಎಂದು ಎದ್ದಳು.

ಊರಿಗೆ ಹೋಗಿ ಅದನ್ನೇ ಹೇಳಿದ್ದಾಳೆ—ಬಚ್ಚಿಡದೆ. ಬೇರೆಯವರ ಮೊಟ್ಟೆ, ಕಾರಣ ಹೇಳಬೇಕಲ್ಲ. ಕೈಗುಣ ನಂಬದ ಸೌಕಾರರ ಮಗನೇ ಹೀಗಂದನಂತೆ ಎಂದ ಮೇಲೆ ಯಾರು ಅನುಮಾನಿಸುತ್ತಾರೆ? ಕೋಳಿ ಕೂರಿಸಲು ಕರೆಯುವುದು ನಿಂತಿತು. ಆಮೇಲೆ ಸಸಿಗೆ. ಆಮೇಲೆ ಬಾಣಂತಿಯರ ಮನೆಗೆ.

ಬಹಳ ವರ್ಷ ಕಳೆದು, ಹೋದ ತಿಂಗಳು, ಅವಳು ಮಲೆಬೆನ್ನೂರಿನಲ್ಲಿ ಮಗಳ ಮನೆಯಲ್ಲಿದ್ದಾಳೆಂದು ತಿಳಿದು, ಎಲ್ಲ ಹೇಳಿಬಿಡಲು ಹೋದೆ. “ಬರ್ರಿ ಸೌಕಾರ್ರೆ, ಕೂಡ್ರಿ,” ಎಂದಳು. ಒಳಗೆ ಮಗಳ ಹಸುಗೂಸು ಅಳುತ್ತಿತ್ತು. ಅವಳು ಏಳಲಿಲ್ಲ, ಪಕ್ಕದ ಮನೆಯವಳನ್ನು ಕೂಗಿ ಕರೆದಳು.

“ಯಾಕ, ನೀನೇ ಎತ್ಕೊಬಾರದ?”

“ಬ್ಯಾಡ್ರಿ. ನಂದು ಕೈಗುಣ ಚಲೋ ಇಲ್ಲ. ಕೂಸಿಗೆ ಏನಾರ ಆದ್ರ?”

ಅವಳು ಕೊಟ್ಟ ಚಹಾ ಕುಡಿದು, ಎದ್ದು ಬಂದೆ.

ಈಗ ಬರೆದಿದ್ದೇನೆ. ಕೆಂಚಮ್ಮನಿಗೆ ಓದಲು ಬಾರದು. ಅದು ಗೊತ್ತಿದ್ದೇ ಬರೆದಿದ್ದೇನೆ. ಹಾಗಾಗಿ ಇದು ಇನ್ನೂ ತಪ್ಪೊಪ್ಪಿಗೆಯಲ್ಲ. ಮಲೆಬೆನ್ನೂರಿಗೆ ಹೋಗಿ, ಅವಳ ಮಗಳೂ ಪಕ್ಕದ ಮನೆಯವಳೂ ಕೇಳುವಂತೆ ಇದನ್ನು ಗಟ್ಟಿಯಾಗಿ ಓದಬೇಕು. ಆಮೇಲೆ ಆನಗೋಡಿನ ಆ ಕೇರಿಯಲ್ಲಿ. ಅಲ್ಲಿಯವರೆಗೆ ಆ ಮನೆಯಲ್ಲಿ ಕೂಸು ಅತ್ತಾಗಲೆಲ್ಲ, ಒಬ್ಬ ಅಜ್ಜಿ ಕೈಕಟ್ಟಿ ಕೂತಿರುತ್ತಾಳೆ.