ಮೀನು ಬಿಡುವ ಮುನ್ನ

ಹಲ್ಲಿನ ಆಸ್ಪತ್ರೆಗೆ ಅವನು ಮೊದಲು ಬಂದ ದಿನ ಆಯಮ್ಮ ಅವನನ್ನು ಬಾಗಿಲಲ್ಲೇ ತಡೆದಳು. ಆಗಷ್ಟೇ ನೆಲ ಒರೆಸಿದ್ದಳು. ಅವನ ಹೆಗಲ ಮೇಲೆ ಮರಳಿನ ಚೀಲ, ಕೈಯಲ್ಲಿ ನೀರುಗಿಡಗಳ ಬಕೆಟ್ಟು.

"ಒಣಗಲಿ, ಆಮೇಲೆ ಬಾರಪ್ಪ."

"ಅಷ್ಟರಲ್ಲಿ ನಾನೇ ಒಣಗಿಹೋಗ್ತೀನಿ ಅಜ್ಜೀ!"

ಆಯಮ್ಮ ನಕ್ಕು ದಾರಿ ಬಿಟ್ಟಳು. ಅಂದಿನಿಂದ ಅವನು ಎಲ್ಲರ ಬಾಯಲ್ಲೂ ಮೀನಪ್ಪ.

ಹಲ್ಲು ಕೀಳಿಸಲು ಬಂದು ಅಳುವ ಮಕ್ಕಳು ನೋಡಲೆಂದು ಕಾಯುವ ಕೋಣೆಯಲ್ಲಿ ಗಾಜಿನ ತೊಟ್ಟಿ ಇಟ್ಟ, ಗಿಡ ನೆಟ್ಟ. ವಾರಗಳು ಕಳೆದವು. ಗಿಡ ಚಿಗುರಿತು, ನೀರು ಕನ್ನಡಿಯಂತಾಯಿತು. ಮೀನು ಮಾತ್ರ ಬಿಡಲೊಲ್ಲ.

"ತಿಳಿಯಾದ್ರೆ ಸಾಲದು ಅಜ್ಜಿ. ಕೊಳೆತ ಕಸದಿಂದ ಹುಟ್ಟೋ ವಿಷ ತಿನ್ನೋ ಜೀವಿಗಳು ಒಳಗೆ ಬೆಳೀಬೇಕು. ಕಣ್ಣಿಗೆ ಕಾಣಲ್ಲ ಅವು."

ತೊಟ್ಟಿಯ ನೀರನ್ನು ಎರಡು ಗಾಜಿನ ಕೊಳವೆಗಳಿಗೆ ತುಂಬಿ, ಬೇರೆ ಬೇರೆ ಬಾಟಲಿಯ ಹನಿ ಹಾಕುವನು. ಒಂದು ಹಳದಿಯಾಗಬೇಕು, ಇನ್ನೊಂದು ತಿಳಿನೀಲಿ. ಹಸಿರೋ ನೇರಳೆಯೋ ಕಂಡರೆ ವಿಷ ಇನ್ನೂ ಇದೆ ಎಂದರ್ಥ.

ಒಂದು ದಿನ ಮೀನಪ್ಪ ಕೆಲಸಕ್ಕಿದ್ದ ಸಾಕುಮೀನಿನ ಅಂಗಡಿಯ ಯಜಮಾನ ಮೀನಿನ ಚೀಲ ಹಿಡಿದು ಬಂದೇಬಿಟ್ಟ. "ಎರಡು ಕಡೆ ನೀನು ಬಿಟ್ಟ ಮೀನು ಸತ್ತು ತೇಲಿದ್ವು. ಇಲ್ಲೂ ತೇಲಿದ್ರೆ ನನ್ನ ಅಂಗಡಿ ಮೆಟ್ಟಿಲು ಹತ್ತಬೇಡ. ಬೇಗ ನೋಡು, ಡಾಕ್ಟ್ರಮ್ಮ ಕಾಯ್ತಿದ್ದಾರೆ." ಹೀಗೆಂದು ಡಾಕ್ಟ್ರಮ್ಮನ ಕೋಣೆಗೆ ಹೋದ.

ಮೀನಪ್ಪ ಕೊಳವೆಗಳನ್ನು ಕಿಟಕಿಯ ಬೆಳಕಿಗೆ ಹಿಡಿದ. "ಹಳದೀನೇ..." ಎಂದು ಗೊಣಗಿದ.

"ಎಲ್ಲಿ ಬಂತಪ್ಪಾ ಹಳದಿ? ಎಳೇ ಹುಲ್ಲಿನ ಬಣ್ಣ ಅಲ್ವಾ?" ಎಂದಳು ಆಯಮ್ಮ.

ಅವನ ಮುಖ ಬಿಳುಚಿತು. "ಮೆತ್ತಗೆ ಅಜ್ಜಿ, ನಿಮ್ಮ ದಮ್ಮಯ್ಯ. ಹುಟ್ಟಿದಾಗಿಂದ ನನಗೆ ಹಳದಿ ಹಸಿರು ಎರಡೂ ಒಂದೇ ಥರ. ಹೆಂಡ್ತಿ ಜೊತೆಗೆ ಬಂದು ಹೇಳ್ತಿದ್ಳು. ಈಗ ತುಂಬು ಬಸುರಿ."

"ಹಾಗಾದ್ರೆ ಆ ಎರಡು ಕಡೆ?"

"ಅಂದಾಜಲ್ಲಿ ಬಿಟ್ಟೆ."

ಅಷ್ಟರಲ್ಲಿ ಯಜಮಾನ ಹಿಂದಿರುಗಿದ. "ಏನಾಯ್ತು?"

ಮೀನಪ್ಪ ಆಯಮ್ಮನತ್ತ ನೋಡಿದ. ಅವಳು ತುಸುವೇ ತಲೆಯಾಡಿಸಿದಳು, ಬೇಡವೆಂದು.

"ವಿಷ ಇದೆ ಸಾರ್. ಇವತ್ತು ಬೇಡ."

"ನಿನ್ನ ನಂಬಿದ್ರೆ ನನ್ನ ಕಥೆ ಮುಗೀತು!" ಯಜಮಾನ ಉರಿದುಬಿದ್ದ. ಆದರೂ ಚೀಲ ವಾಪಸು ಒಯ್ದ.

ಆಮೇಲೆ ದಿನಾ ಬೆಳಗ್ಗೆ ಕಸ ಗುಡಿಸುವ ಮೊದಲು ಆಯಮ್ಮ ಅವನ ಪಕ್ಕ ನಿಂತು ಕೊಳವೆ ನೋಡುವಳು. ಹಸಿರು. ಮತ್ತೆ ಹಸಿರು. ಹಸಿರು ಹೋದ ಮೇಲೂ ಎರಡನೆಯದು ನೇರಳೆ ಬಿಡಲೊಲ್ಲದು. ಕೊನೆಗೊಮ್ಮೆ ನಿಂಬೆಸಿಪ್ಪೆಯ ಹಳದಿ, ಜೊತೆಗೆ ಅಪ್ಪಟ ತಿಳಿನೀಲಿ. ಮಾರನೆಯ ದಿನವೂ ಅದೇ. ಆಮೇಲೆಯೇ ಮೀನು ಬಿಟ್ಟರು. ಒಂದೂ ತೇಲಲಿಲ್ಲ.

ಯಜಮಾನ ಅವನ ಬೆನ್ನು ತಟ್ಟಿದ. "ಕೈ ಪಳಗಿತು ಬಿಡು! ನಾಳೆಯಿಂದ ಆಚೆ ಪೇಟೆಯ ತೊಟ್ಟಿಗಳೆಲ್ಲ ನಿನ್ನವೇ."

ಯಜಮಾನ ಹೊರಟ ಮೇಲೆ ಆಯಮ್ಮ ಹೇಳಿದಳು, "ಅಲ್ಲಿ ಬಣ್ಣ ಹೇಳೋಕೆ ನಾನಿರಲ್ಲ. ನಿಜ ಹೇಳ್ಬಿಡಪ್ಪ ಅವರಿಗೆ."

ಮೀನಪ್ಪ ಖಾಲಿ ಬಕೆಟ್ಟು ಹಿಡಿದು ಬಾಗಿಲಲ್ಲಿ ನಿಂತ.

"ಹೇಳಿದ್ರೆ ಕೆಲಸದಲ್ಲಿ ಇಟ್ಕೋತಾರಾ, ಅಜ್ಜೀ?"