ಬೆಟ್ಟ ಹತ್ತಬಾರದ ವರ್ಷ

ತಂಗಿ ತೀರಿಕೊಂಡ ಮೇಲೆ ಶನಿವಾರ ಮಧ್ಯಾಹ್ನ ಮನೆಯಲ್ಲಿ ಕೂರಲು ನನ್ನಿಂದ ಆಗುತ್ತಿರಲಿಲ್ಲ. ಹೊಲಿಗೆ ಅಂಗಡಿಯಿಂದ ಬಂದು ಉಂಡು, ತಟ್ಟೆ ತೊಳೆದಿಡುವಷ್ಟರಲ್ಲಿ ಕಾಲು ಬಾಗಿಲ ಕಡೆ ಹೊರಟಿರುತ್ತಿತ್ತು. ಕೋಣನಕುಂಟೆಯಿಂದ ಬನಶಂಕರಿ ಬಸ್ ನಿಲ್ದಾಣಕ್ಕೆ ಹೋಗುತ್ತಿದ್ದೆ. ಕನಕಪುರದ ಕಡೆಯ ಬಸ್ಸುಗಳು ನಿಲ್ಲುವಲ್ಲಿ ನಿಂತು, ಯಾವ ಊರಿಗೆ ಎಷ್ಟು ಹೊತ್ತಿಗೆ ಎಂದು ವಿಚಾರಿಸಿ, ಎಲ್ಲಿಗೂ ಹೋಗದೆ ವಾಪಸ್ ಬರುತ್ತಿದ್ದೆ.

ನಾವಿಬ್ಬರೂ ಓದಿದ್ದು ಹತ್ತನೇ ಕ್ಲಾಸು. ಬೆಟ್ಟದ ಹುಚ್ಚು ಹಿಡಿಸಿದ್ದು ಅವಳು. ಗಾಡಿ ಇಲ್ಲ, ಕಾರಿಲ್ಲ. ಹಾಗಾಗಿ ಅವಳು ಮೊದಲು ಬೆಟ್ಟ ಹುಡುಕುತ್ತಿರಲಿಲ್ಲ, ಹಾಲ್ಟಿಂಗ್ ಬಸ್ಸು ಹುಡುಕುತ್ತಿದ್ದಳು. ಕತ್ತಲಾದ ಮೇಲೆ ಹಳ್ಳಿಗೆ ಬಂದು, ರಾತ್ರಿ ಅಲ್ಲೇ ನಿಂತು, ಬೆಳಗಿನ ಜಾವ ಪೇಟೆಗೆ ಹೊರಡುವ ಬಸ್ಸು ಅದು. ಅಂಥ ಬಸ್ಸಿರುವ ಊರಿನ ಬಳಿ ಬೆಟ್ಟವಿದ್ದರೆ ನಮ್ಮ ಪ್ಲಾನು ಮುಗಿದಂತೆ. ಮಧ್ಯಾಹ್ನದ ಬಸ್ಸಿಗೆ ಹೋಗಿ, ಬೆಳಕಿರುವಾಗಲೇ ಹತ್ತಿ ಇಳಿದು, ಗುಡಿಯ ಪಕ್ಕದ ಅಂಗಡಿಯವರ ಜಗಲಿಯಲ್ಲಿ ಮಲಗುವುದು. ಬಸ್ಸು ಕಣ್ಣೆದುರಿಗೇ ನಿಂತಿರುತ್ತದೆ. ಅದು ನಮ್ಮನ್ನು ಬಿಟ್ಟು ಹೋಗುವುದಿಲ್ಲ ಎಂಬುದೇ ಅವಳ ಧೈರ್ಯ.

ಅವಳನ್ನು ಕರೆದೊಯ್ದದ್ದು ಕಾಮಾಲೆ. ಅಮ್ಮ ಆಮೇಲೆ ನನಗೆ ಹೇಳಿದ್ದು ಒಂದೇ: ಮನೆಯಲ್ಲಿ ಸಾವಾದರೆ ವರ್ಷ ತುಂಬುವ ತನಕ ಬೆಟ್ಟ ಹತ್ತಬಾರದು. ಜಯನಗರದ ಹತ್ತಿರದ ರಾಗಿಗುಡ್ಡ ಕೂಡ ಬೇಡ.

"ನಾನ್ ಹೋಗೋದು ಬೆಟ್ಟ ಅಲ್ಲಮ್ಮ, ಬಂಡೆ" ಎಂದೆ ಒಂದು ಶನಿವಾರ.

"ಎಷ್ಟೆತ್ತರ?"

"ನಾಲ್ಕೈದು ತೆಂಗಿನಮರ ಆಗ್ಬೋದು."

"ಬೆಟ್ಟಾನೇ ಅದು."

ಪಕ್ಕದ ಮನೆ ಆಂಟಿ ಕಾಂಪೌಂಡಿನ ಆಚೆಯಿಂದಲೇ ತೀರ್ಪು ಕೊಟ್ಟರು. "ಮೆಟ್ಟಿಲಿದ್ರೆ ಬೆಟ್ಟ, ಇಲ್ದಿದ್ರೆ ಬಂಡೆ ಕಣ್ರೀ. ಮೆಟ್ಟಿಲೈತಾ?"

"ಅರ್ಧಕ್ಕೆ ಐತೆ ಆಂಟಿ."

"ಹಂಗಾರೆ ಅರ್ಧ ಬೆಟ್ಟ ಬಿಡು!" ಎಂದು ಅವರು ನಕ್ಕರು. ಅಮ್ಮ ನಗಲಿಲ್ಲ. ಒಳಗೆ ಬಂದ ಮೇಲೆ, "ಒಬ್ಳನ್ನ ಕಳಿಸಾಯ್ತು. ನಿಂಗೂ ಏನಾದ್ರೂ ಆದ್ರೆ ನಾನ್ ಯಾರ್ ಹತ್ರ ಜಗಳ ಆಡ್ಲಿ?" ಎಂದಳು. ನಾನು ಮತ್ತೆ ಆ ಮಾತು ಎತ್ತಲಿಲ್ಲ. ಆದರೆ ಬಸ್ ನಿಲ್ದಾಣಕ್ಕೆ ಹೋಗುವುದನ್ನೂ ಬಿಡಲಿಲ್ಲ.

ಕೊನೆಗೆ ಸೋತದ್ದು ಅಮ್ಮನೇ. "ಚಪ್ಪಲಿ ಸವೆಸಿದ್ದು ಸಾಕು. ಹೋಗು. ಹತ್ಬೇಡ ಅಷ್ಟೇ. ಕೆಳಗೆ ಕೂತ್ಕೊಂಡ್ ಬಾ" ಎಂದಳು. ಮಾತು ಕೊಟ್ಟು ಹೊರಟೆ.

ನಾವಿಬ್ಬರೂ ಯಾವಾಗಲೂ ಹೋಗುತ್ತಿದ್ದ ಆ ಬೆಟ್ಟದ ಬುಡದಲ್ಲಿ ಇಳಿದಾಗ ಬಿಸಿಲು ಇನ್ನೂ ಚೆನ್ನಾಗಿತ್ತು. ಮೊದಲ ಮೆಟ್ಟಿಲ ಪಕ್ಕದ ಕಲ್ಲಿನ ಮೇಲೆ ಕೂತೆ. ಎದ್ದೆ. ನೀರು ಕುಡಿದು ಮತ್ತೆ ಕೂತೆ. ಅಲ್ಲಿ ಯಾರೂ ಇರಲಿಲ್ಲ. ಹತ್ತಿ ಬಂದು ಇಲ್ಲ ಎಂದರೂ ಅಮ್ಮನಿಗೆ ತಿಳಿಯುವುದಿಲ್ಲ. ಮೆಟ್ಟಿಲ ಮೇಲೆ ಕಾಲಿಟ್ಟೆ. ಜಗಳ ಆಡುವುದಕ್ಕೂ ಯಾರೂ ಇಲ್ಲದ ಅಮ್ಮನ ಮುಖ ಕಣ್ಣಿಗೆ ಬಂತು. ಕಾಲು ತೆಗೆದೆ. ಕೂರಲಂತೂ ಆಗಲಿಲ್ಲ, ಅದಕ್ಕೆ ಬೆಟ್ಟದ ಸುತ್ತ ನಡೆಯತೊಡಗಿದೆ.

ಹಿಂಭಾಗವನ್ನು ನಾವು ನೋಡಿಯೇ ಇರಲಿಲ್ಲ. ಒಂದು ಹುಣಸೆಮರ, ಕೊಯ್ದ ರಾಗಿ ಹೊಲದ ಕೂಳೆ, ಆಮೇಲೆ ಬರೀ ಲಂಟಾನ ಪೊದೆ. ಅಲ್ಲಿಂದ ತುದಿಯೇ ಕಾಣುವುದಿಲ್ಲ. ದಾರಿ ಎರಡು ಸಲ ತಪ್ಪಿತು. ಚೂಡಿದಾರದ ಅಂಚು ಹರಿಯಿತು. ಅವಳಿದ್ದಿದ್ದರೆ ಇಷ್ಟರಲ್ಲಿ ನನ್ನನ್ನು ಹತ್ತು ಸಲ ಬೈದಿರುತ್ತಿದ್ದಳು ಎನಿಸಿ, ನಾನೇ ಗಟ್ಟಿಯಾಗಿ ಬೈದುಕೊಂಡೆ. ಊರಿಗೆ ಮರಳಿ ಸ್ವಲ್ಪ ಹೊತ್ತಿಗೆ ಹಾಲ್ಟಿಂಗ್ ಬಸ್ಸು ಬಂತು.

ಕಂಡಕ್ಟರು ನಮಗೆ ಹಳೆಯ ಪರಿಚಯ. "ಏನಕ್ಕ, ಒಬ್ರೇ? ತಂಗಿ ಮುನಿಸ್ಕೊಂಡ್ರಾ?"

"ತೀರ್ಕೊಂಡ್ಳು ಅಣ್ಣ. ಯುಗಾದಿ ಆದ್ಮೇಲೆ."

ಅಷ್ಟು ತಿಂಗಳಲ್ಲಿ ಆ ಮಾತನ್ನು ನಾನೇ ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಉಳಿದವರಿಗೆಲ್ಲ ಅಮ್ಮನೇ ಹೇಳಿದ್ದಳು. ಕಂಡಕ್ಟರು ಟಿಕೆಟ್ ಮೆಷಿನ್ನನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿದರು. "ಗುರು, ಅಕ್ಕಂಗೂ ಒಂದ್ ಟೀ ಹೇಳು" ಎಂದು ಡ್ರೈವರಿಗೆ ಕೂಗಿದರು.

ಅಮ್ಮನಿಗೆ ಫೋನು ಮಾಡಿದೆ.

"ಹತ್ಲಿಲ್ಲ ತಾನೆ?"

"ಇಲ್ಲಮ್ಮ. ಒಂದ್ ಸುತ್ತು ಹಾಕ್ದೆ."

"ಏನು, ಆ ಪೊದೇಲಿ ಒಬ್ಳೇ? ಹಾವು, ಹುಳ ಹುಪ್ಪಟೆ ಇರ್ತಾವೆ! ಅದಕ್ಕಿಂತ ಹತ್ತಿದ್ರೇ ಚೆನ್ನಾಗಿತ್ತಲ್ಲೇ!"

ನನಗೆ ನಗು ಬಂತು, ಅವಳಿಗೆ ಸಿಟ್ಟು. ಆಮೇಲೆ ಅವಳು ಕೇಳಿದಳು, "ಮೇಲೆ ಅಂಥದ್ದೇನೇ ಐತೆ? ಇಬ್ರೂ ಎದ್ದು ಬಿದ್ದು ಹೋಗ್ತಿದ್ರಲ್ಲ."

ಇಷ್ಟು ವರ್ಷದಲ್ಲಿ ಅವಳು ಅದನ್ನು ಕೇಳಿರಲೇ ಇಲ್ಲ. ಒಂದು ಮುರಿದ ದೀಪದ ಕಂಬ, ಸಿಕ್ಕಾಪಟ್ಟೆ ಗಾಳಿ, ತಂಗಿ ಅಲ್ಲಿ ದುಪಟ್ಟಾ ತಲೆಗೆ ಬಿಗಿದುಕೊಂಡು ಚಿತ್ರಾನ್ನ ತಿನ್ನುತ್ತಿದ್ದದ್ದು, ಎಲ್ಲ ಹೇಳಿದೆ. ಅಮ್ಮ ಫೋನಿಡಲಿಲ್ಲ. ಚಾರ್ಜು ಮುಗಿಯುವ ತನಕ ಹೇಳಿದೆ.

ಬೆಳಿಗ್ಗೆ ಬಸ್ಸು ಹೊರಟ ಮೇಲೆ ಕಂಡಕ್ಟರನ್ನು ಕೇಳಿದೆ: "ಅಣ್ಣ, ಬೆಟ್ಟ ಇಲ್ದಿರೋ ಊರಿಗೆ ಹಾಲ್ಟಿಂಗ್ ಯಾವ್ದಿದೆ?"

"ನಮ್ ಕಡೆ ಬೆಟ್ಟ ಇಲ್ದಿರೋ ಊರೆಲ್ಲಿ ಹುಡುಕ್ಲಿ ಅಕ್ಕ? ಹೊಳೆ ದಂಡೆಗೊಂದು ಹೋಯ್ತದೆ. ನಡೀತದಾ?"

ಹೊಳೆಯ ಬಗ್ಗೆ ಅಮ್ಮ ಏನೂ ಹೇಳಿರಲಿಲ್ಲ.

"ಮನೇಲಿ ಕೇಳ್ಬೇಕು" ಎಂದೆ.