ಟೆಂಪೊದಲ್ಲಿ ಓದಿದ ಸುದ್ದಿ

ಧಾರವಾಡದಲ್ಲಿ ಪತ್ರಿಕೋದ್ಯಮ ಓದುವಾಗ ನನ್ನ ಜೊತೆ ರೂಮಿನಲ್ಲಿದ್ದವಳು ಕಾಬೂಲಿನವಳು. ಅಲ್ಲಿ ರೇಡಿಯೊ ವರದಿಗಾರ್ತಿಯಾಗಿದ್ದಳು. ಸೆರೆಯಲ್ಲಿರುವ ಹೆಂಗಸರ ಪಾಡನ್ನು ವರದಿ ಮಾಡಿದ್ದಕ್ಕೆ ದೇಶ ಬಿಡಬೇಕಾಯಿತು. ಬೇಸಿಗೆ ರಜೆಗೆ ಎಲ್ಲರೂ ಹೊರಟಾಗ ಹಾಸ್ಟೆಲಿನಲ್ಲಿ ಅವಳೊಬ್ಬಳನ್ನೇ ಬಿಡಲು ಮನಸ್ಸಾಗದೆ ಶಿರಸಿಗೆ ಕರೆದುಕೊಂಡು ಬಂದೆ.

ನಮ್ಮದು ಟೆಂಪೊ ಓಡಿಸುವವರ ಮನೆ. ನಮ್ಮ ಉರ್ದು ಅವಳಿಗೆ ಮುಕ್ಕಾಲು ತಿಳಿಯುತ್ತಿತ್ತು. ಉಳಿದದ್ದನ್ನು ಅಮ್ಮಿ ತಟ್ಟೆಗೆ ಬಡಿಸುತ್ತಿದ್ದರು. ದಿನಾ ಹನ್ನೊಂದು ಗಂಟೆಗೆ ಅವಳು ಹಾಸಿಗೆ ಒಟ್ಟಿದ ಕೋಣೆಗೆ ಹೋಗಿ, ಹೊರಗಿನ ಸದ್ದು ಸೇರದಂತೆ ತಲೆ ಮೇಲೆ ಕೌದಿ ಹೊದ್ದು, ಫೋನಿನಲ್ಲಿ ಸುದ್ದಿ ಓದಿ ಕಳಿಸುತ್ತಿದ್ದಳು. ಅವಳ ಊರಿನವರು ಅದನ್ನು ಫೋನಿನಿಂದ ಫೋನಿಗೆ ಗುಟ್ಟಾಗಿ ದಾಟಿಸುತ್ತಿದ್ದರು. ಸುದ್ದಿಯ ಕೊನೆಗೆ ಯಾವಾಗಲೂ, ಅಲ್ಲಿ ಸೆರೆಯಲ್ಲಿದ್ದ ಅವಳ ಗೆಳತಿ, ಇನ್ನೊಬ್ಬ ವರದಿಗಾರ್ತಿಯ ಹೆಸರು, ಅವಳನ್ನು ಹಿಡಿದು ಎಷ್ಟು ದಿನವಾಯಿತೆಂಬ ಮಾತು. ಬಾಗಿಲಾಚೆ ಕೂತು, ಭಾಷೆ ತಿಳಿಯದೆ ಆ ದನಿ ಕೇಳುತ್ತಿದ್ದರೆ ನಾನು ನಿದ್ದೆಗೂ ಎಚ್ಚರಕ್ಕೂ ನಡುವೆ ಎಲ್ಲೋ ತೇಲುತ್ತಿದ್ದೆ.

ಪಕ್ಕದ ಹವ್ಯಕರ ಮನೆಯ ಅಮ್ಮ ಬೇಲಿಯಾಚೆಯಿಂದ ಕೇಳಿದರು: "ಅದು ದಿನಾ ಎಂತ ಓದ್ತು?"

ಹೇಳಿದೆ.

"ಹಂಗಾರೆ ಆನು ಮಿಕ್ಸಿ ಆಮೇಲೆ ಹಾಕ್ತೆ."

ಒಂದು ಸಂಜೆ ಗಾಳಿಮಳೆಗೆ ಟವರ್ ಕೆಟ್ಟಿತು. ಮರುದಿನ ಬೆಳಿಗ್ಗೆಯೂ ಸಿಗ್ನಲ್ ಇಲ್ಲ. ಅವಳು ತಿಂಡಿ ಮುಟ್ಟಲಿಲ್ಲ. "ಇವತ್ತು ಹೆಸರು ಕೇಳದಿದ್ದರೆ ಗೆಳತಿಯ ತಾಯಿ, ಮಗಳು ಹೋದಳೆಂದೇ ತಿಳಿಯುತ್ತಾಳೆ" ಎಂದಳು.

ಅಬ್ಬಾ ಕೀಲಿ ತೆಗೆದುಕೊಂಡರು. "ಯಲ್ಲಾಪುರಕ್ಕೆ ಹೆಂಗೂ ಸಾಮಾನು ಹಾಕೋದದೆ. ನಡೀರಿ ಬೇಟಿ, ಎಲ್ಲಿ ಸಿಗ್ತದೋ ಅಲ್ಲೇ ನಿಲ್ಲಿಸ್ತೇನೆ."

ದಾರಿಯುದ್ದಕ್ಕೂ ಮಂಜು. ಮರಗಳು ಕರಗಿ ಹೋಗುತ್ತಿದ್ದವು, ಮತ್ತೆಲ್ಲೋ ಮೂಡುತ್ತಿದ್ದವು. ಮಾಗೋಡಿನ ಕಡೆ ಹೊರಳುವ ತಿರುವಿನ ಹತ್ತಿರ ಅವಳ ಫೋನು ನಡುಗಿತು. ಅಬ್ಬಾ ಬದಿಗೆ ಹಾಕಿ ಎಂಜಿನ್ ನಿಲ್ಲಿಸಿದರು. ಅವಳು ಗಾಜು ಏರಿಸಿ, ನನ್ನ ದುಪಟ್ಟಾ ಹೊದ್ದು ಓದತೊಡಗಿದಳು. ಅಬ್ಬಾ ರಸ್ತೆಯಲ್ಲಿ ನಿಂತು, ಬರುವ ಗಾಡಿಗಳಿಗೆ ಹಾರ್ನ್ ಹೊಡೆಯಬೇಡಿರೆಂದು ಕೈ ಮಾಡುತ್ತಿದ್ದರು. ಒಂದು ಬಸ್ಸು ನಿಧಾನವಾಗಿ, ಸದ್ದಿಲ್ಲದಂತೆ ದಾಟಿತು. ಕಿಟಕಿಗಳಲ್ಲಿ ಮಂಕಾದ ಮುಖಗಳು, ಎಲ್ಲವೂ ನಮ್ಮತ್ತಲೇ ತಿರುಗಿದ್ದವು.

ಯಲ್ಲಾಪುರದಲ್ಲಿ ಸಾಮಾನು ಇಳಿಸುವಾಗ ಉತ್ತರ ಬಂತು. ಮುದುಕಿಯೊಬ್ಬಳ ದನಿ, ಗೆಳತಿಯ ತಾಯಿಯದು. ಕೇಳಿ, ಅವಳು ಅದನ್ನು ನಮಗೆ ಉರ್ದುವಿನಲ್ಲಿ ಹೇಳಿದಳು: "ತಡವಾಯಿತು ಮಗಳೇ. ಆದರೆ ಕೇಳಿಸಿತು." ಹೇಳಿ, ಗೋಣಿಚೀಲದ ಮೇಲೆ ಕೂತು ಅತ್ತಳು. ಅವಳು ಅತ್ತದ್ದನ್ನು ನಾನು ಮೊದಲ ಬಾರಿ ನೋಡಿದ್ದು.

ಮರುವರ್ಷ ಅವಳಿಗೆ ದೂರದ ಚಳಿಯ ದೇಶವೊಂದರಲ್ಲಿ ಆಶ್ರಯ ಸಿಕ್ಕಿತು. ಹೋದ ತಿಂಗಳು ಫೋನು ಮಾಡಿದ್ದಳು: ಗೆಳತಿಯನ್ನು ಬಿಟ್ಟಿದ್ದಾರೆ.

"ಮನೆ ಸೇರಿದಳಂತಾ?" ಅಬ್ಬಾ ಕೇಳಿದರು.

"ಸೇರಿದಳು."

ಸುದ್ದಿ ಓದಿದವಳು ಮಾತ್ರ ಇನ್ನೂ ಊರಿಗೆ ಹೋಗುವಂತಿಲ್ಲ. ಈಗಲೂ ದಿನಾ ಓದುತ್ತಾಳಂತೆ; ಕೊನೆಗೆ ಹೇಳಲು ಈಗ ಬೇರೆ ಹೆಸರುಗಳಿವೆ ಎಂದಳು.